ಶಿವಮೊಗ್ಗದಲ್ಲಿ ಕೂತು ತೋಟದ ಕಂಪ್ಯೂಟರ್ ಮುಟ್ಟುವುದು ಹೇಗೆ?

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದ ಪಂಪ್‌ಹೌಸಿನಲ್ಲಿ ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರ್, ರಾಸ್ಪ್‌ಬೆರಿ ಪೈ ಇದೆ. ಮಳೆಮಾಪಕದ ಲೆಕ್ಕ ಬರೆದಿಡುವುದು, ಮೋಟಾರು ಓಡುತ್ತಿದೆಯೋ ನಿಂತಿದೆಯೋ ನೋಡುವುದು ಅದರ ಕೆಲಸ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವ ಹೊಳವು ಕಾಯುವವರಿಗೆ ಆ ಲೆಕ್ಕದ ಬೆಲೆ ಗೊತ್ತು. ನಾನಿರುವುದು ಶಿವಮೊಗ್ಗದಲ್ಲಿ, ಸುಮಾರು 60 ಕಿ.ಮೀ. ಈಚೆ. ಅಲ್ಲಿ ಓಡುವ ಪ್ರೋಗ್ರಾಮನ್ನು ಇಲ್ಲಿಂದಲೇ ನೋಡಬೇಕು, ಕೆಟ್ಟರೆ ಇಲ್ಲಿಂದಲೇ ತಿದ್ದಬೇಕು.

ಅಡ್ಡಿ ಇರುವುದು ಸಿಮ್ ಹಾಕುವ ರೌಟರಿನಲ್ಲಿ. ಮೊಬೈಲ್ ಕಂಪನಿಗಳು ಬಹಳಷ್ಟು ಗ್ರಾಹಕರನ್ನು ಒಂದೇ ಸಾರ್ವಜನಿಕ ಐಪಿ ವಿಳಾಸದ ಹಿಂದೆ ಕೂರಿಸುತ್ತವೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ರೌಟರಿನ ಪುಟದಲ್ಲಿ 100.64ರಿಂದ 100.127ರೊಳಗಿನ ವಿಳಾಸ ಕಂಡರೆ ನೀವೂ ಅದರ ಹಿಂದಿದ್ದೀರಿ. 2012ರಲ್ಲಿ ಆ ಸಾಲನ್ನು ಇದಕ್ಕೆಂದೇ ತೆಗೆದಿಟ್ಟರು. ನಮ್ಮ ಊರ ಮನೆಗಳ ಉಣುಗೋಲಿನ (ಅಡ್ಡಗೋಲು ಸರಿಸಿ ದಾಟುವ ಗೇಟಿನ) ಹಾಗೆ ಅಂದುಕೊಳ್ಳಿ. ಒಳಗಿನವರು ಸರಿಸಿಕೊಂಡು ಹೊರಗೆ ಹೋಗಬಹುದು, ಹೋದ ಕಡೆಯಿಂದ ಉತ್ತರ ಬಂದರೆ ಒಳಗೆ ಬಿಟ್ಟುಕೊಳ್ಳುತ್ತಾರೆ. ಹೊರಗಿನವರು ತಾವಾಗಿ ಬಂದರೆ ದಾರಿ ಇಲ್ಲ. ಹೊರಗಿನವರಿಗೆಂದು ರೌಟರಿನಲ್ಲಿ ಒಂದು ಬಾಗಿಲು ತೆರೆದಿಡುವ ಪೋರ್ಟ್ ಫಾರ್ವರ್ಡಿಂಗ್ ಮಾಡಿಕೊಳ್ಳೋಣ ಎಂದರೆ ಉಣುಗೋಲು ನಮ್ಮ ಅಂಗಳದ್ದಲ್ಲ, ಕಂಪನಿಯದ್ದು.

ಉಪಾಯ ಇಷ್ಟೆ. ಎರಡೂ ಕಡೆಯವರು ಒಂದೇ ಹೊತ್ತಿಗೆ ಹೊರಗೆ ಕಾಲಿಟ್ಟರೆ, ಒಬ್ಬರ ಪ್ಯಾಕೆಟ್ (ಮಾಹಿತಿಯ ತುಣುಕು) ಇನ್ನೊಬ್ಬರ ಉಣುಗೋಲಿಗೆ ‘ಉತ್ತರ’ವಾಗಿ ಕಾಣುತ್ತದೆ. ಆದರೆ ಯಾವ ವಿಳಾಸ, ಯಾವ ಪೋರ್ಟ್ (ಆ ವಿಳಾಸದ ಬಾಗಿಲಿನ ಸಂಖ್ಯೆ) ಎಂದು ಇಬ್ಬರಿಗೂ ತಿಳಿಸಲು ಒಬ್ಬ ಮಧ್ಯಸ್ಥ ಬೇಕು. ಹೆಣ್ಣು ಗಂಡು ನೋಡಿಸಿದವನ ಹಾಗೆ ಅವನು ಪರಿಚಯ ಮಾಡಿಸಿ ಪಕ್ಕಕ್ಕೆ ಸರಿಯುತ್ತಾನೆ. ಮಾತುಕತೆ ಆಮೇಲೆ ನೇರ. ಇಂಟರ್ನೆಟ್ಟಿನ ಮೇಲೆಯೇ ನಮ್ಮದೇ ವಿಳಾಸಗಳ ಇನ್ನೊಂದು ಜಾಲ ಹಾಸುವ ಈ ವ್ಯವಸ್ಥೆಗೆ ಪೀರ್-ಟು-ಪೀರ್ ಓವರ್‌ಲೇ ಎಂದು ಹೆಸರು.

ತಂತ್ರಾಂಶಗಳು ಹಲವಿವೆ. 2020ರ ಮಾರ್ಚಿನಲ್ಲಿ ಬಂದ ಲಿನಕ್ಸ್ 5.6ರಿಂದ ಕರ್ನೆಲಿನೊಳಗೇ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನಲ್ಲೇ) ಇರುವ ವೈರ್‌ಗಾರ್ಡ್ ಗಟ್ಟಿಮುಟ್ಟು, ಆದರೆ ಅದು ತಾನಾಗಿ ಮಧ್ಯಸ್ಥಿಕೆ ಮಾಡದು. ಅದರ ಮೇಲೆ ಕಟ್ಟಿದ ಟೇಲ್‌ಸ್ಕೇಲ್ ಬಲು ಸುಲಭ. ಕಮಾಂಡ್ ಎಂದರೆ ಬೆವರುವವರು ಅದನ್ನೇ ಹಾಕಿಕೊಳ್ಳಿ, ಅವಮಾನವೇನಿಲ್ಲ. ಪರಿಚಯದ ಕೆಲಸ ಮಾತ್ರ ಅವರ ಸರ್ವರಿನದ್ದು. ನಾನು ಆರಿಸಿಕೊಂಡದ್ದು ನೆಬ್ಯುಲಾ. ಸ್ಲ್ಯಾಕ್ ಕಂಪನಿ ತನ್ನ ಸರ್ವರುಗಳಿಗಾಗಿ ಮಾಡಿಕೊಂಡು 2019ರಲ್ಲಿ ಎಲ್ಲರಿಗೂ ತೆರೆದಿಟ್ಟದ್ದು. ಇದರಲ್ಲಿ ಎಲ್ಲವೂ ನಮ್ಮ ಕೈಯಲ್ಲೇ. ತಾಪತ್ರಯವೂ ಅದೇ, ಮುಂದೆ ಹೇಳುತ್ತೇನೆ.

ಮೊದಲು ಮಧ್ಯಸ್ಥನನ್ನು ಹುಡುಕಿ. ನೆಬ್ಯುಲಾದಲ್ಲಿ ಅವನ ಹೆಸರು ಲೈಟ್‌ಹೌಸ್. ಸ್ಥಿರ ಸಾರ್ವಜನಿಕ ಐಪಿ ಇರುವ, ಅತಿ ಚಿಕ್ಕ ಬಾಡಿಗೆ ಕ್ಲೌಡ್ ಸರ್ವರ್ ಸಾಕು. ಅದರಲ್ಲಿ ಯುಡಿಪಿ 4242 ಪೋರ್ಟ್ ತೆರೆಯಬೇಕು. ಯುಡಿಪಿ, ಟಿಸಿಪಿ ಅಲ್ಲ; ಇವೆರಡೂ ಪ್ಯಾಕೆಟ್ ಕಳಿಸುವ ಬೇರೆ ಬೇರೆ ಪದ್ಧತಿಗಳು. ಸರ್ವರಿನ ಒಳಗಿನ ಫೈರ್‌ವಾಲ್ ತೆರೆದು, ಬಾಡಿಗೆ ಕೊಟ್ಟವರ ವೆಬ್‌ಪುಟದಲ್ಲಿರುವ ಇನ್ನೊಂದು ಫೈರ್‌ವಾಲನ್ನು ಮರೆತರೆ ಅರ್ಧ ದಿನ ಹೋಯಿತೆಂದೇ ಲೆಕ್ಕ.

ಆಮೇಲೆ ಸರ್ಟಿಫಿಕೇಟ್, ಅಂದರೆ ಪ್ರತಿ ಯಂತ್ರದ ಗುರುತುಚೀಟಿ. ಅದಕ್ಕೆ ಸಹಿ ಹಾಕುವ ಪ್ರಾಧಿಕಾರವೇ ಸಿಎ. ಮನೆಯ ಲ್ಯಾಪ್‌ಟಾಪಿನಲ್ಲಿ ‘ನೆಬ್ಯುಲಾ-ಸರ್ಟ್’ಗೆ ‘ಸಿಎ’ ಆದೇಶ ಕೊಟ್ಟರೆ ಎರಡು ಫೈಲ್ ಹುಟ್ಟುತ್ತವೆ: ಸಿಎ ಸರ್ಟಿಫಿಕೇಟ್ ಮತ್ತು ಸಿಎ ಕೀ. ಕೀ ನಿಮ್ಮ ಮನೆಯ ಮುದ್ರೆಯಿದ್ದಂತೆ. ಅದು ಯಾರ ಕೈಗೆ ಸಿಕ್ಕರೂ ಅವರು ನಿಮ್ಮ ಜಾಲಕ್ಕೆ ಹೊಸ ಸದಸ್ಯರನ್ನು ಸೇರಿಸಬಹುದು. ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿಡಿ. ಸರ್ವರಿಗಾಗಲಿ ಪೈಗಾಗಲಿ ಹೋಗಕೂಡದು.

ಅದೇ ಕೀಯಿಂದ ಪ್ರತಿ ಯಂತ್ರಕ್ಕೂ ಹೆಸರು, ವಿಳಾಸ ಕೊಟ್ಟು ಸಹಿ ಹಾಕಿ. ನನ್ನ ಲೈಟ್‌ಹೌಸ್ 10.77.0.1, ತೋಟ 10.77.0.2, ಲ್ಯಾಪ್‌ಟಾಪ್ 10.77.0.3. ಮನೆ ರೌಟರುಗಳು ಸಾಮಾನ್ಯವಾಗಿ 192.168ರಿಂದ ಶುರುವಾಗುವ ವಿಳಾಸ ಹಂಚುವುದರಿಂದ ಆ ಸಾಲಿಗೆ ಹೋಗಬೇಡಿ, ಗೊಂದಲವಾಗುತ್ತದೆ. ಲ್ಯಾಪ್‌ಟಾಪಿಗೆ ‘ಮನೆಯವರು’ ಎಂಬ ಗುಂಪಿನ ಗುರುತನ್ನೂ ಹಾಕಿ, ಫೈರ್‌ವಾಲಿಗೆ ಬೇಕಾಗುತ್ತದೆ.

ಇನ್ನು ಕಾನ್ಫಿಗ್ ಫೈಲ್. ಲೈಟ್‌ಹೌಸಿನಲ್ಲಿ ‘ನಾನೇ ಲೈಟ್‌ಹೌಸ್’ ಎಂಬ ಸಾಲು ಟ್ರೂ, ಉಳಿದವುಗಳಲ್ಲಿ ಫಾಲ್ಸ್. ಲೈಟ್‌ಹೌಸಿನ ಒಳವಿಳಾಸ 10.77.0.1 ಅನ್ನು ಅದರ ಸಾರ್ವಜನಿಕ ಐಪಿಗೂ 4242ಕ್ಕೂ ಜೋಡಿಸುವ ಸಾಲು ‘ಸ್ಟ್ಯಾಟಿಕ್ ಹೋಸ್ಟ್ ಮ್ಯಾಪ್’. ಅದರ ಕೆಳಗೆ ಲೈಟ್‌ಹೌಸುಗಳ ಪಟ್ಟಿ ಬರೆಯುವಾಗ ಒಳವಿಳಾಸವನ್ನೇ ಬರೆಯಬೇಕು. ಹೊಸಬರು ಎಡವುವುದು ಇಲ್ಲೇ. ‘ಪಂಚಿ’ ವಿಭಾಗದಲ್ಲಿ ಪಂಚ್ ಟ್ರೂ ಮಾಡಿದರೆ ಉಣುಗೋಲು ಮತ್ತೆ ಮುಚ್ಚಿಕೊಳ್ಳದಂತೆ ಆಗಾಗ ಚಿಕ್ಕ ಪ್ಯಾಕೆಟ್ ಹೋಗುತ್ತಿರುತ್ತದೆ. ನೆಬ್ಯುಲಾದ ಸ್ವಂತ ಫೈರ್‌ವಾಲ್ ನೀವು ಬರೆದುಕೊಟ್ಟದ್ದನ್ನಷ್ಟೇ ಒಳಗೆ ಬಿಡುತ್ತದೆ. ತೋಟದ ಪೈಗೆ ‘ಇದ್ದೀಯಾ?’ ಎಂದು ಕೇಳುವ ಪಿಂಗ್ ಯಾರಿಂದಲಾದರೂ ಬರಲಿ, ಎಸ್‌ಎಸ್‌ಎಚ್‌ನ 22 (ದೂರದಿಂದ ಒಳಹೊಕ್ಕು ಕೆಲಸ ಮಾಡುವ ಪೋರ್ಟ್) ಮಾತ್ರ ‘ಮನೆಯವರು’ ಗುಂಪಿಗೆ. ಕೊನೆಗೆ ನೆಬ್ಯುಲಾವನ್ನು ಲಿನಕ್ಸ್ ತಾನಾಗಿ ಶುರು ಮಾಡುವ ಸಿಸ್ಟಮ್‌ಡಿ ಸೇವೆಯಾಗಿಸಿ. ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟು ಹೋಗುತ್ತದೆಂದು ಮಲೆನಾಡಿನವರಿಗೆ ಹೇಳಬೇಕೆ? ಬಂದಾಗ ಅದು ತಾನೇ ಎದ್ದುಕೊಳ್ಳಬೇಕು.

ಪರೀಕ್ಷೆಯನ್ನು ತೋಟಕ್ಕೆ ಒಯ್ಯುವ ಮೊದಲೇ ಮಾಡಿ. ಪೈಯನ್ನು ಫೋನಿನ ಹಾಟ್‌ಸ್ಪಾಟಿಗೆ, ಲ್ಯಾಪ್‌ಟಾಪನ್ನು ಮನೆಯ ಬ್ರಾಡ್‌ಬ್ಯಾಂಡಿಗೆ ಹಾಕಿ, ಮೊದಲು 10.77.0.1ಕ್ಕೆ ಪಿಂಗ್ ಮಾಡಿ, ಬಳಿಕ ಪರಸ್ಪರ. ಲೈಟ್‌ಹೌಸ್ ಉತ್ತರಿಸಿ ಪೈ ಉತ್ತರಿಸದಿದ್ದರೆ ಪೈಯ ಫೈರ್‌ವಾಲ್ ಸಾಲುಗಳನ್ನು ಮೊದಲು ನೋಡಿ. ಅವು ಸರಿಯಿದ್ದರೆ ಸಿಮ್ ಕಂಪನಿಯ ನ್ಯಾಟ್ (ಆ ಉಣುಗೋಲು) ‘ಸಿಮೆಟ್ರಿಕ್’ ಇದ್ದೀತು: ಒಬ್ಬೊಬ್ಬರ ಜತೆ ಮಾತಾಡುವಾಗಲೂ ಬೇರೆ ಪೋರ್ಟ್ ತೋರಿಸುವ ಜಾತಿ. ಮಧ್ಯಸ್ಥ ಹೇಳಿದ ಪೋರ್ಟ್ ಅಲ್ಲಿ ಕೆಲಸಕ್ಕೆ ಬಾರದು. ಆಗ ಲೈಟ್‌ಹೌಸನ್ನೇ ರಿಲೇ ಮಾಡಿ, ನೆಬ್ಯುಲಾ 1.6ರಿಂದ ಆ ಸೌಲಭ್ಯವಿದೆ. ಮಾತೆಲ್ಲ ಅದರ ಮೂಲಕ ಸುತ್ತಿಕೊಂಡು ಹೋಗುವುದರಿಂದ ತುಸು ನಿಧಾನ. ಆದರೂ ಸರ್ವರಿಗೆ ಕಾಣುವುದು ಬೀಗ ಹಾಕಿದ ಪೆಟ್ಟಿಗೆ ಮಾತ್ರ, ಒಳಗಿನದನ್ನು ಅದು ಓದಲಾರದು.

ಈಗ ನನ್ನ ತಾಪತ್ರಯ. ಸಿಎ ಮಾಡುವಾಗ ಅವಧಿ ಹೇಳದಿದ್ದರೆ ನೆಬ್ಯುಲಾ ಒಂದು ವರ್ಷವೆಂದು ಹಿಡಿಯುತ್ತದೆ. ನಾನು ಹೇಳಿರಲಿಲ್ಲ. ಮರುವರ್ಷ ಸರಿಯಾಗಿ ಆಷಾಢದ ಮಳೆಯಲ್ಲಿ ಎಲ್ಲ ಯಂತ್ರಗಳೂ ಒಂದನ್ನೊಂದು ಗುರುತಿಸಲು ನಿರಾಕರಿಸಿದವು. ಸರಿಪಡಿಸಲು ಪೈಯೊಳಗೆ ಹೋಗಬೇಕು, ಪೈಯೊಳಗೆ ಹೋಗಲು ಈ ಜಾಲವೇ ಬೇಕು. ಬೀಗದ ಕೈ ಒಳಗಿಟ್ಟು ಬಾಗಿಲೆಳೆದುಕೊಂಡ ಹಾಗಾಯಿತು. ಚಿಕ್ಕಪ್ಪನಿಗೆ ಫೋನ್ ಮಾಡಿದರೆ, “ಡಬ್ಬಿಯ ದೀಪ ಉರೀತಾ ಇದೆಯಲ್ಲ ಮಾರಾಯ, ಮತ್ತೇನು ಬೇಕು ನಿಂಗೆ?” ಎಂದರು. ರೇನ್‌ಕೋಟ್ ಹಾಕಿಕೊಂಡು ಬೈಕ್ ಹತ್ತಿದೆ.

ಆದ್ದರಿಂದ ಸಿಎ ಮಾಡುವಾಗಲೇ ಅವಧಿಯನ್ನು ಗಂಟೆಗಳಲ್ಲಿ ಕೊಡಿ. 43800 ಗಂಟೆ ಎಂದರೆ 5 ವರ್ಷ. ಅದೂ ಮುಗಿಯುವ ತಿಂಗಳ ಮೊದಲು ಹೊಸ ಸಿಎ ಮಾಡಿ, ಅದರ ಸರ್ಟಿಫಿಕೇಟನ್ನು ಪ್ರತಿ ಯಂತ್ರದ ಹಳೆಯ ಸಿಎ ಫೈಲಿನ ಕೆಳಗೇ ಅಂಟಿಸಿ. ನೆಬ್ಯುಲಾ ಎರಡನ್ನೂ ನಂಬುತ್ತದೆ. ಆಮೇಲೆ ಒಂದೊಂದೇ ಯಂತ್ರಕ್ಕೆ ಹೊಸ ಸಹಿಯ ಸರ್ಟಿಫಿಕೇಟ್ ಕೊಟ್ಟು, ಎಲ್ಲ ಮುಗಿದ ಬಳಿಕ ಹಳೆಯದನ್ನು ಅಳಿಸಿ. ಪೈಯ ಗಡಿಯಾರದ ಮೇಲೂ ಒಂದು ಕಣ್ಣಿರಲಿ. ಕರೆಂಟು ಹೋಗಿ ಬಂದಾಗ ಅದು ಹಿಂದೆ ಉಳಿದರೆ, ಹೊಸ ಸರ್ಟಿಫಿಕೇಟ್ ಇನ್ನೂ ಜಾರಿಗೇ ಬಂದಿಲ್ಲವೆಂದು ತಿರಸ್ಕರಿಸೀತು. ಇಂಟರ್ನೆಟ್ಟಿನಿಂದ ಸಮಯ ಸಿಕ್ಕ ಮೇಲೆ ಸರಿಹೋಗುತ್ತದೆ.

ಲ್ಯಾಪ್‌ಟಾಪ್ ಕಳೆದುಹೋದರೆ ಅದರ ಸರ್ಟಿಫಿಕೇಟಿನ ಗುರುತುಸಂಖ್ಯೆಯಾದ ಫಿಂಗರ್‌ಪ್ರಿಂಟನ್ನು ಉಳಿದೆಲ್ಲ ಯಂತ್ರಗಳ ಬ್ಲಾಕ್‌ಲಿಸ್ಟಿಗೆ ಸೇರಿಸಬೇಕು. ಲೈಟ್‌ಹೌಸಿನಲ್ಲಷ್ಟೇ ಬರೆದರೆ ಸಾಲದು, ಪ್ರತಿ ಯಂತ್ರವೂ ತನ್ನ ಪಟ್ಟಿಯನ್ನಷ್ಟೇ ನೋಡುವುದು. ಫಿಂಗರ್‌ಪ್ರಿಂಟ್ ತೆಗೆಯಲು ಸರ್ಟಿಫಿಕೇಟಿನ ಪ್ರತಿ ಬೇಕು, ಹಾಗಾಗಿ ಎಲ್ಲ ಪ್ರತಿಗಳನ್ನೂ ಬೀರುವಿನ ಆ ಪೆನ್‌ಡ್ರೈವಿನಲ್ಲೇ ಸೇರಿಸಿಡಿ.