ಐದು ಮೀಟರಿನ ಚೀನೀ ಸುರುಳಿಚಿತ್ರವನ್ನು ನಡುಮನೆಗೆ ಕೂರಿಸಿದ ಬಗೆ

ಹಳೆಯ ಚೀನೀ ಚಿತ್ರಕಾರ ಜಾಂಗ್ ಝೆದುವಾನ್‌ನ ‘ಚಿಂಗ್‌ಮಿಂಗ್ ಹಬ್ಬದ ನದೀತೀರ’ವನ್ನು ಮೂಲದ ಅಳತೆಯಲ್ಲೇ, ಅಂದರೆ 24.8 ಸೆಂ.ಮೀ. ಎತ್ತರ, 528 ಸೆಂ.ಮೀ. ಉದ್ದದಲ್ಲಿ, ನಡುವೆ ಜೋಡಣೆಯಿಲ್ಲದೆ ಅಚ್ಚು ಹಾಕಿಸಿ, ಸುರುಳಿಯಾಗಿಯೇ ಗೋಡೆಗೆ ಕೂರಿಸುತ್ತೇನೆ ಎಂದಾಗ ಫ್ರೇಮ್ ಕಸುಬಿನ ಗೆಳೆಯರು ಯಾರೂ ಒಪ್ಪಲಿಲ್ಲ. ಸುತ್ತಿ ಬಿಚ್ಚಿದರೆ ತಿಂಗಳೊಳಗೆ ಬಿರುಕು ಬಿಡುತ್ತದೆ ಎಂದರು. ಈಗ ಎರಡು ಮಳೆಗಾಲ ಕಳೆದಿವೆ, ಒಂದು ಬಿರುಕೂ ಇಲ್ಲ.

ಮೊದಲು ನಾನೂ ಅವರ ಮಾತಿನಂತೆ ಐದು ಫ್ರೇಮುಗಳಾಗಿ ಕತ್ತರಿಸಿ ತೂಗುಹಾಕಿದ್ದೆ. ಈ ಚಿತ್ರ ಬಲದಿಂದ ಎಡಕ್ಕೆ, ಹಳ್ಳಿಯ ದಾರಿಯಿಂದ ಸೇತುವೆ ದಾಟಿ ನಗರದ ಹೆಬ್ಬಾಗಿಲಿಗೆ ಸಾಗುತ್ತದೆ. ಬಡಗಿ ನಮ್ಮ ಓದಿನ ಕ್ರಮದಲ್ಲಿ ಎಡದಿಂದ ಜೋಡಿಸಿದ್ದರಿಂದ ದಾರಿಯೇ ತುಂಡುತುಂಡಾಯಿತು. ಅದಕ್ಕೂ ಮುಂಚೆ ಅಚ್ಚಿಗೆಂದು ಕೊಂಡಿದ್ದ ಚಿತ್ರದ ಡಿಜಿಟಲ್ ಕಡತ ಅದೇ ಹೆಸರಿನ, ತೈವಾನಿನ ತೈಪೆಯಲ್ಲಿರುವ 1736ರ ಅರಮನೆ ಪ್ರತಿಯದಾಗಿತ್ತು. ಅದರಲ್ಲಿ ಸೇತುವೆ ಕಲ್ಲಿನದು, ಬೀಜಿಂಗಿನ ಮೂಲದಲ್ಲಿ ಮರದ್ದು; ಕೊಳ್ಳುವ ಮುನ್ನ ಸೇತುವೆಯನ್ನು ನೋಡಿಕೊಳ್ಳಿ. ಇವೆರಡರಲ್ಲೇ ಸುಮಾರು 9 ಸಾವಿರ ರೂಪಾಯಿ ಹೋಯಿತು.

ಆಮೇಲಿನ ಸೋಲು ಶಾಯಿಯದು. ನೀರಿಗೆ ಕರಗುವ ಡೈ ಶಾಯಿಯ ಅಚ್ಚಿನ ಬೆನ್ನಿಗೆ, ಆಸರೆಯ ಕಾಗದ ಹಚ್ಚಲೆಂದು ಹಸಿ ಅಂಟು ಸವರಿದ ಕೂಡಲೇ, ಚಿತ್ರದ ಮೇಲೆ ಅದರ ಹಿಂದಿನ ಸಂಗ್ರಾಹಕರು ಒತ್ತಿದ್ದ ಕೆಂಪು ಮುದ್ರೆಗಳು ಕುಂಕುಮದ ನೀರಿನಂತೆ ಹರಡಿಕೊಂಡವು. ನೀರಿಗೆ ಕರಗದ ಪಿಗ್ಮೆಂಟ್ ಶಾಯಿಗೆ ಬದಲಾಯಿಸಿದೆ, ಮುದ್ರೆಗಳು ನಿಂತವು. ಆದರೆ ಬಾಟಲಿಯ ಬಿಳಿ ಅಂಟು ಒಣಗಿ ಬಿರುಸಾಗಿ, ಸುತ್ತಿದಲ್ಲೆಲ್ಲ ಮಡಿಕೆ ಬಿದ್ದಿತು. ಕಾಗದದ ಬದಲು ಕ್ಯಾನ್ವಾಸಿನ ಮೇಲೆ ಅಚ್ಚು ಹಾಕಿಸಿದಾಗಲಂತೂ ನೇಯ್ಗೆಯ ಎಳೆಗಳ ನಡುವೆ ಮುಖಗಳೇ ಕಾಣೆಯಾದವು.

ಗೆದ್ದದ್ದು ಗೋಧಿಯ ಅಂಟಿನಿಂದ. ಹಲ್ವಕ್ಕೆ ಗೋಧಿಹಾಲು ತೆಗೆಯುವಂತೆಯೇ ಕಣಕವನ್ನು ನೀರಿನಲ್ಲಿ ಹಿಸುಕಿ, ಜಿಗುಟನ್ನು ಬೇರೆ ಮಾಡಿ, ತಳದಲ್ಲಿ ನಿಂತ ಹಿಟ್ಟನ್ನಷ್ಟೇ ಕಾಯಿಸಿ, ಮಜ್ಜಿಗೆಗಿಂತ ತುಸು ಗಟ್ಟಿಯಾಗಿ ಬಳಸಿದೆ. ಹುಳು ಬಾರದಂತೆ ಅದಕ್ಕೆ ಏನು ಬೆರೆಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ತೆಳು ಕಾಗದದ ಎರಡು ಪದರ ಬೆನ್ನಿಗೆ ಹಚ್ಚಿ, ಹಲಗೆಯ ಮೇಲೆ ಅಂಚುಗಳನ್ನು ಮಾತ್ರ ಅಂಟಿಸಿ ಸುಮಾರು ಮೂರು ವಾರ ಒಣಗಿಸಬೇಕು. ಅವಸರಪಟ್ಟು ಎಂಟನೆಯ ದಿನ ಬಿಡಿಸಿದ ಒಂದು ಪ್ರತಿ ಹಪ್ಪಳದಂತೆ ಸುರುಟಿಕೊಂಡಿತು. ತೇಗದ ಪೆಟ್ಟಿಗೆ, ಸುರುಳಿಯನ್ನು ಸುತ್ತಿ ತಿರುಗಿಸುವ ಎರಡು ಕೊರಡು, ಅಕ್ರಿಲಿಕ್ ಹಾಳೆ ಎಲ್ಲ ಸೇರಿ ಈಗ ಹೆಚ್ಚುಕಡಿಮೆ 7 ಸಾವಿರಕ್ಕೆ ಮುಗಿಯುತ್ತದೆ. ಕಾಣುವ ಕಿಂಡಿ ಎರಡೂವರೆ ಅಡಿ. ಸೇತುವೆಯ ಭಾಗಕ್ಕೆ ತಿರುಗಿಸಿದಾಗ, ಕೂವೆಮರ ಇನ್ನೂ ಪೂರ್ತಿ ಇಳಿಯದ ದೋಣಿ, ಕೋಲು ಹಿಡಿದು ಒದ್ದಾಡುವ ನಾವಿಕರು, ಕಟಕಟೆಯಿಂದ ಬಾಗಿ ಕೂಗುವ ಜನ, ಇಷ್ಟೇ ಕಣ್ಣೆದುರಿಗಿರುತ್ತವೆ. ಐದು ಮೀಟರನ್ನೂ ಒಮ್ಮೆಗೇ ಹರಡಿದ ಯಾವ ಗೋಡೆಯಲ್ಲೂ ನಾನು ಈ ಗದ್ದಲವನ್ನು ಕಂಡಿರಲಿಲ್ಲ.

ನಡುವೆ ಇನ್ನೊಬ್ಬ ಚೀನೀ ಚಿತ್ರಕಾರ ವಾಂಗ್ ಷಿಮೆಂಗ್‌ನ 1113ರ ನೀಲಿ-ಹಸಿರು ಬೆಟ್ಟಗಳ ಸುರುಳಿಯನ್ನೂ ಒಂದು ಗಜದಷ್ಟು ಅಚ್ಚು ಹಾಕಿಸಿ ನೋಡಿದೆ. ಹಳದಿ ಬಲ್ಬಿನ ಕೆಳಗೆ ಆ ಖನಿಜ ಬಣ್ಣಗಳು ಮಂಕಾದವು, ಬಲ್ಬು ಬದಲಿಸಿದಾಗ ಅರ್ಧದಷ್ಟು ಚೇತರಿಸಿಕೊಂಡವು. ಬರಿಯ ಮಸಿಯ ಚಿತ್ರಗಳು ಇದಕ್ಕಿಂತ ಬಹಳ ಚೆನ್ನಾಗಿ ಬರುತ್ತವೆ. ಹಾಗಾಗಿ 1350ರ ಹುವಾಂಗ್ ಗಾಂಗ್‌ವಾಂಗ್‌ನ ಮಸಿಯ ಸುರುಳಿ ‘ಫೂಚುನ್ ಬೆಟ್ಟಗಳ’ನ್ನು ಕೈಗೆತ್ತಿಕೊಂಡಿದ್ದೇನೆ. 1650ರಲ್ಲಿ ಬೆಂಕಿಗೆ ಸಿಕ್ಕಿ ಎರಡಾದ ಆ ಚಿತ್ರದ ಚಿಕ್ಕ ತುಂಡು ಚೀನಾದ ಹಾಂಗ್‌ಝೌನಲ್ಲಿ, ದೊಡ್ಡದು ತೈಪೆಯಲ್ಲಿ ಇವೆ. ಎರಡನ್ನೂ ಒಂದೇ ಸುರುಳಿಗೆ ಹಚ್ಚಿ, ಸುಟ್ಟ ಜಾಗದಲ್ಲಿ ಎರಡು ಬೆರಳಗಲ ಬರಿಯ ಕಾಗದವನ್ನು ಹಾಗೆಯೇ ಬಿಟ್ಟಿದ್ದೇನೆ. ಹಲಗೆಯ ಮೇಲೆ ಇಂದಿಗೆ ಹನ್ನೊಂದನೆಯ ದಿನ.