ಲಂಡನ್ ವಿಮಾನದಲ್ಲಿ ಯಾವ ಕಿಟಕಿ? ಬುಕ್ ಮಾಡುವ ಮೊದಲು ಓದಿ

ಜಾಸ್ತಿ ದುಡ್ಡು ಕೊಟ್ಟು ಕಿಟಕಿ ಸೀಟು ಹಿಡಿದು, ಹತ್ತು ಗಂಟೆ ಬರೀ ರೆಕ್ಕೆ ನೋಡುತ್ತಾ ಕೂರುವವರು ಎಷ್ಟೋ ಜನ. ಸೀಟ್ ಮ್ಯಾಪಿನಲ್ಲಿ ಅಂಚಿನ ಚೌಕ ಖಾಲಿ ಕಂಡರೆ ಸಾಕು, ಒತ್ತಿಬಿಡುತ್ತಾರೆ. ಬೆಂಗಳೂರಿನಿಂದ ಲಂಡನ್ನಿಗೆ ಬೆಳಗ್ಗೆ ಹೊರಡುವ ನೇರ ವಿಮಾನವನ್ನೇ ತೆಗೆದುಕೊಂಡು ಹೇಳುತ್ತೇನೆ. ಬೇರೆ ಊರಿಗೂ ಲೆಕ್ಕ ಇದೇ.

ಮೊದಲು ದಾರಿ ನೋಡಿ. ವಿಮಾನಗಳ ಹಾರಾಟ ತೋರಿಸುವ ಫ್ಲೈಟ್‌ರಾಡಾರ್24 ತಾಣದಲ್ಲಿ ವಿಮಾನದ ನಂಬರ್ ಹಾಕಿದರೆ ಹಿಂದಿನ ಕೆಲವು ದಿನ ಅದು ಹಾರಿದ ಗೆರೆ ಸಿಗುತ್ತದೆ. ಒಂದೇ ದಿನದ್ದನ್ನು ನಂಬಬೇಡಿ. ಗಾಳಿ, ಯುದ್ಧ, ಮುಚ್ಚಿದ ವಾಯುಪ್ರದೇಶ, ಎಲ್ಲದರಿಂದಲೂ ದಾರಿ ಬದಲಾಗುತ್ತಿರುತ್ತದೆ.

ಆಮೇಲೆ ಬದಿ. ಎಡವುವುದು ಇಲ್ಲೇ, ನಿಧಾನವಾಗಿ ಓದಿ. ವಿಮಾನ ವಾಯವ್ಯಕ್ಕೆ ಹೋಗುತ್ತದೆ. ಬೆಳಗ್ಗೆ ಹೊರಟಾಗ ಸೂರ್ಯ ಬೆನ್ನ ಹಿಂದೆ, ಸ್ವಲ್ಪ ಬಲಕ್ಕೆ ಇರುತ್ತಾನೆ. ಹೊತ್ತು ಏರಿದಂತೆ ದಕ್ಷಿಣಕ್ಕೆ, ಅಂದರೆ ನಿಮ್ಮ ಎಡಕ್ಕೆ ಸರಿಯುತ್ತಾನೆ. ಅಲ್ಲಿಂದ ಮುಂದೆ ಎಡಗಡೆಯವರ ಕಣ್ಣಿಗೇ ಬಿಸಿಲು, ಕೆಳಗಿನದೆಲ್ಲ ಮಬ್ಬು. ಬಲಗಡೆಯವರಿಗೆ ಅದೇ ಬಿಸಿಲು ನೆಲದ ಮೇಲೆ ಬಿದ್ದು ಕಣಿವೆಯ ಅಂಚು, ನದಿಯ ತಿರುವು ಎಲ್ಲಾ ಸ್ಪಷ್ಟ. ಆಸ್ಟ್ರಿಯಾ, ದಕ್ಷಿಣ ಜರ್ಮನಿ ಮೇಲೆ ಹೋದರೆ ಆಲ್ಪ್ಸ್ ಎಡಕ್ಕೆ ಬರುತ್ತದೆ, ನಿಜ. ಆದರೂ ನಾನು ಬಲಗಡೆಯೇ ಕೂರಿ ಎನ್ನುತ್ತೇನೆ. ಯಾಕೆಂದರೆ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಹೆಚ್ಚಿನ ದಿನ ಗಾಳಿ ಪಶ್ಚಿಮದಿಂದ ಬೀಸುತ್ತದೆ, ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು, ಹಾಗಾಗಿ ಲಂಡನ್ ನಗರದ ಮೇಲಿಂದಲೇ ಬರುತ್ತದೆ. ಆಗ ಬಲಗಡೆ ಟವರ್ ಬ್ರಿಜ್, ಶಾರ್ಡ್ ಎಂಬ ಗಗನಚುಂಬಿ ಕಟ್ಟಡ, ಥೇಮ್ಸ್ ನದಿ, ಲಂಡನ್ ಐ ಎಂಬ ದೈತ್ಯ ಚಕ್ರ ಒಂದಾದ ಮೇಲೊಂದು, ಅದೂ ಸಾಕಷ್ಟು ಕೆಳಗಿನಿಂದ. ಮೋಡ ಇದ್ದರೆ ಅಥವಾ ಗಾಳಿ ಪೂರ್ವದಿಂದ ಬೀಸಿದರೆ ಇದು ಸಿಗುವುದಿಲ್ಲ.

ಬಲ ತುದಿಯ ಸೀಟು ಬೋಯಿಂಗ್ 787ರಂಥ ದೊಡ್ಡ ವಿಮಾನದಲ್ಲಿ ಸಾಮಾನ್ಯವಾಗಿ 'ಕೆ', ಎಡ ತುದಿಯದು 'ಎ'.

ಸಾಲು ಆರಿಸುವಾಗ ರೆಕ್ಕೆ ಬಿಡಿ. ರೆಕ್ಕೆಗೆ ತಾಗಿದ ಹಿಂದಿನ ಸಾಲೂ ಬೇಡ. ಎಂಜಿನ್ನಿನ ಬಿಸಿಗಾಳಿಗೆ ಅಲ್ಲಿಂದ ಕಾಣುವುದೆಲ್ಲ ಒಲೆಯ ಮೇಲಿನ ಗಾಳಿಯಂತೆ ಅಲುಗುತ್ತದೆ. ಮುಂದಿನ ಸಾಲುಗಳನ್ನು ದುಬಾರಿ ಕ್ಲಾಸಿನವರು ಹಿಡಿದಿರುತ್ತಾರೆ, ಹಾಗಾಗಿ ನಮ್ಮಂಥವರಿಗೆ ಬಾಲದ ಕಡೆಯ ಸಾಲುಗಳೇ ಒಳ್ಳೆಯವು. ಶೌಚಾಲಯದ ಪಕ್ಕದ್ದು ಮಾತ್ರ ತಪ್ಪಿಸಿ. ಇನ್ನೊಂದು ಮೋಸ: ಕೆಲವು 'ಕಿಟಕಿ ಸೀಟಿ'ಗೆ ಕಿಟಕಿಯೇ ಇರುವುದಿಲ್ಲ, ಪಕ್ಕದಲ್ಲಿ ಬರೀ ಗೋಡೆ. ಕಂಪನಿಯ ಮ್ಯಾಪಿನಲ್ಲಿ ಇದು ಗೊತ್ತಾಗುವುದೇ ಕಷ್ಟ. ಏರೋಲೋಪಾ ತಾಣದಲ್ಲಿ ಯಾವ ಸಾಲಿಗೆ ಕಿಟಕಿ ಎಲ್ಲಿ ಬರುತ್ತದೆ ಅಂತ ಬಿಡಿಸಿ ತೋರಿಸಿದ್ದಾರೆ, ಅಲ್ಲಿ ನೋಡಿಯೇ ದುಡ್ಡು ಕಟ್ಟಿ.

ದುಡ್ಡು ಉಳಿಸಬೇಕಾದರೆ ವೆಬ್ ಚೆಕ್-ಇನ್ ತೆರೆದ ಕೂಡಲೇ ಸೀಟು ಆರಿಸಲು ಕೂತುಬಿಡಿ. ಹಲವು ಕಂಪನಿಗಳಲ್ಲಿ ಅದು 24 ಅಥವಾ 48 ಗಂಟೆ ಮೊದಲು.

ವಿಮಾನ ಹತ್ತಿದ ಮೇಲೆ ಮೆತ್ತನೆ ಬಟ್ಟೆಯಿಂದ ಒಳಗಾಜಿನ ಬೆರಳಚ್ಚು ಒರೆಸಿ. ಕಿಟಕಿಯ ಕೆಳಭಾಗದಲ್ಲಿ ಒಂದು ಸಣ್ಣ ತೂತು ಇರುತ್ತದೆ, ಎತ್ತರಕ್ಕೆ ಹೋದ ಮೇಲೆ ಅದರ ಸುತ್ತ ಹಿಮದ ಹರಳು ಕಟ್ಟುತ್ತದೆ. ಗಾಬರಿ ಬೇಡ, ಅದು ಗಾಜುಗಳ ನಡುವಿನ ಒತ್ತಡ ಸರಿದೂಗಿಸುವ ತೂತು. ಫೋಟೊಗೆ ಫ್ಲ್ಯಾಶ್ ಆಫ್ ಮಾಡಿ, ಫೋನನ್ನು ಗಾಜಿಗೆ ಹತ್ತಿರ ಹಿಡಿಯಿರಿ. ಕಿಟಕಿಗೆ ಅಂಟಿಸುವ ರಬ್ಬರ್ ಬಟ್ಟಲಿನ ಫೋನ್ ಸ್ಟ್ಯಾಂಡ್ ಕೊಳ್ಳಬೇಡಿ, ಸ್ವಲ್ಪ ಅಲುಗಿದರೂ ಕಳಚಿ ಬೀಳುತ್ತದೆ.

ವಾಪಸ್ ಬರುವಾಗ ಹಲವು ವಿಮಾನಗಳಲ್ಲಿ ಬಹುಪಾಲು ಪ್ರಯಾಣ ರಾತ್ರಿಯಲ್ಲೇ. ಆಗ ಕಿಟಕಿಗೆ ದುಡ್ಡು ಸುರಿಯಬೇಡಿ, ಓಡಾಡಲು ಸುಲಭವಾಗುವಂತೆ ನಡುದಾರಿಯ ಸೀಟು ತಗೊಳ್ಳಿ.