ಕಾಸ್ಪರ್ ಡೇವಿಡ್ ಫ್ರೀಡ್ರಿಕ್‌ನ ನಿಸರ್ಗಚಿತ್ರಗಳನ್ನು ನೋಡುವ ಕ್ರಮ

ಜರ್ಮನಿಯ ರಮ್ಯಪಂಥದ ನಿಸರ್ಗಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಕ್‌ನ (1774–1840) ಚಿತ್ರಗಳನ್ನು ಅರಿಯಬಯಸುವವರು ಮೊದಲು ಆತ ಕೆಲಸ ಮಾಡುತ್ತಿದ್ದ ಬಗೆಯನ್ನು ತಿಳಿದಿರಬೇಕು. ಬಯಲಿನಲ್ಲಿ ಕುಳಿತು ಒಂದೊಂದು ಮರವನ್ನೂ ಬಂಡೆಯನ್ನೂ ಪೆನ್ಸಿಲ್ಲಿನಿಂದ ಬಹು ನಿಷ್ಠೆಯಿಂದ ಬಿಡಿಸಿಕೊಂಡು, ಅನೇಕ ವೇಳೆ ಹಾಳೆಯ ಮೇಲೆ ದಿನಾಂಕವನ್ನೂ ಗುರುತಿಸುತ್ತಿದ್ದ ಆತ, ಕೆಲವೊಮ್ಮೆ ಎಷ್ಟೋ ವರ್ಷಗಳ ನಂತರ ಆ ಹಾಳೆಗಳಿಂದ ಬೇಕಾದುದನ್ನು ಆಯ್ದು, ಡ್ರೆಸ್ಡೆನ್ ನಗರದ ತನ್ನ ಸ್ಟುಡಿಯೊದಲ್ಲಿ ತೈಲಚಿತ್ರವಾಗಿ ಜೋಡಿಸುತ್ತಿದ್ದ. ಚಿತ್ರಕಾರ ಕೆರ್ಸ್ಟಿಂಗ್ 1811ರಲ್ಲಿ ಚಿತ್ರಿಸಿದ ಆ ಕೋಣೆ ಬಹುಮಟ್ಟಿಗೆ ಬರಿದು. ಬೆಳಕು ಮೇಲಿನಿಂದಷ್ಟೇ ಬರುವಂತೆ ಕಿಟಕಿಯ ಕೆಳಭಾಗ ಮುಚ್ಚಿದೆ. ಹೀಗಾಗಿ ಪ್ರತಿ ಚಿತ್ರದ ಮುಂದೆಯೂ ಆತ ಏನನ್ನು ಎಲ್ಲಿಂದ ತಂದ, ಏನನ್ನು ಕೈಬಿಟ್ಟ ಎಂದು ಕೇಳಿಕೊಳ್ಳಬೇಕು.

‘ಮಂಜಿನ ಕಡಲಿನ ಮೇಲಿನ ಅಲೆಮಾರಿ’ಯಿಂದ (ಸುಮಾರು 1817) ಆರಂಭಿಸುವುದು ಒಳ್ಳೆಯದು. ಎಲ್ಲರೂ ಮೊದಲು ಆ ಮನುಷ್ಯನನ್ನು ನೋಡುತ್ತಾರೆ. ನೀವು ಅವನ ಕಾಲಡಿಯ ಬಂಡೆಯನ್ನು ನೋಡಿ. ಅದು ಎಲ್ಬೆ ನದಿಯ ಮರಳುಗಲ್ಲಿನ ಬೆಟ್ಟಸಾಲಿನ ಕೈಸರ್‌ಕ್ರೋನೆ ಎಂಬ ಗುಡ್ಡದ್ದೆಂದು ಗುರುತಿಸಲಾಗಿದೆ. ದೂರದ ಮಂಜಿನಿಂದ ತಲೆಯೆತ್ತಿದ ಕಲ್ಲುಗಳಲ್ಲಿ ಒಂದು ಗುಂಪು ಅಲ್ಲಿಂದ ಸಾಕಷ್ಟು ದೂರದ, ರಾಟೆನ್ ಊರಿನ ಬಳಿಯ ಗಾಮ್ರಿಗ್‌ನದು. ಬಿಡಿಭಾಗಗಳೆಲ್ಲ ನಿಜವಾಗಿದ್ದರೂ ಇಡೀ ನೋಟ ಎಲ್ಲಿಯೂ ಇಲ್ಲ. ಬಳಿಕ ಮುನ್ನೆಲೆಗೂ ಹಿನ್ನೆಲೆಗೂ ನಡುವಿನ ಜಾಗವನ್ನು ಗಮನಿಸಿ. ಅಂದಿನ ರೂಢಿಯ ನಿಸರ್ಗಚಿತ್ರಗಳಲ್ಲಿ ದಾರಿಯೋ ಹೊಳೆಯೋ ಕಣ್ಣನ್ನು ಮೆಲ್ಲನೆ ಒಳಕ್ಕೆ ಕರೆದೊಯ್ಯುತ್ತದೆ. ಇಲ್ಲಿ ಮಂಜು ಆ ದಾರಿಯನ್ನೇ ನುಂಗಿರುವುದರಿಂದ ಬಂಡೆಯ ಅಂಚಿನಲ್ಲಿ ಕಣ್ಣು ನಿಂತುಬಿಡುತ್ತದೆ. ಕೊನೆಗೆ ಆ ಮನುಷ್ಯನನ್ನು ಹೆಬ್ಬೆರಳಿನಿಂದ ಮುಚ್ಚಿ, ಮತ್ತೆ ತೆರೆದು ನೋಡಿ. ನಮಗೆ ಬೆನ್ನು ಮಾಡಿ ನಿಂತ ಅವನು ನಾವು ನೋಡಬೇಕಾದ ಜಾಗದಲ್ಲೇ ನಿಂತು ನೋಡುತ್ತಿದ್ದಾನೆ, ಜೊತೆಗೆ ನಮ್ಮ ನೋಟಕ್ಕೆ ಅಡ್ಡವಾಗಿಯೂ ಇದ್ದಾನೆ. ಈ ಎರಡೂ ಒಟ್ಟಿಗೆ ಅನುಭವಕ್ಕೆ ಬರುವವರೆಗೆ ಚಿತ್ರವನ್ನು ಬಿಡಬೇಡಿ.

ಮುಂದೆ ‘ಕಡಲತೀರದ ಸನ್ಯಾಸಿ’ಗೆ (1808–10) ಬನ್ನಿ. ನನ್ನ ದೃಷ್ಟಿಯಲ್ಲಿ ಆತನ ಅತ್ಯಂತ ಧೀರ ಕೃತಿ ಇದೇ. ಇಲ್ಲಿ ದಿಗಂತ ರೇಖೆ ಎಷ್ಟು ಕೆಳಗಿದೆ, ಆಕಾಶ ಎಷ್ಟು ಭಾಗವನ್ನು ಆವರಿಸಿದೆ ಎಂಬುದನ್ನು ಕಣ್ಣಳತೆಯಲ್ಲೇ ಲೆಕ್ಕ ಹಾಕಿ. ಆತ ಮೊದಲು ಕಡಲಿನಲ್ಲಿ ಹಡಗುಗಳನ್ನು ಬಿಡಿಸಿ, ನಂತರ ಅವನ್ನು ಬಣ್ಣದಡಿ ಅಳಿಸಿದ್ದು ತಾಂತ್ರಿಕ ಪರೀಕ್ಷೆಗಳಿಂದ ತಿಳಿದುಬಂದಿದೆ. ಆ ಹಡಗುಗಳು ಇದ್ದಿದ್ದರೆ ಕಣ್ಣಿಗೆ ತಂಗಲು ಒಂದು ತಾಣ ಸಿಗುತ್ತಿತ್ತು ಎಂಬುದನ್ನು ಕಲ್ಪಿಸಿಕೊಂಡರೆ, ತೆಗೆದುಹಾಕುವುದೂ ಆತನಿಗೆ ಚಿತ್ರಿಸುವಷ್ಟೇ ಮುಖ್ಯ ಕೆಲಸವಾಗಿತ್ತೆಂದು ಮನದಟ್ಟಾಗುತ್ತದೆ. 1810ರಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶನಗೊಂಡ ಈ ಚಿತ್ರವನ್ನು ಪ್ರಷ್ಯಾದ ಅರಸು ಮನೆತನ ಕೊಂಡುಕೊಂಡಿತು.

ಜೀವನಚರಿತ್ರೆಯನ್ನು ಈ ಹಂತದ ನಂತರವೇ ಓದಬೇಕೆಂಬುದು ನನ್ನ ಸಲಹೆ. ಫ್ರೀಡ್ರಿಕ್ ಬಾಲ್ಟಿಕ್ ಕಡಲ ದಂಡೆಯ ಗ್ರೈಫ್ಸ್‌ವಾಲ್ಡ್‌ನಲ್ಲಿ ಹುಟ್ಟಿ, 1781ರಲ್ಲಿ ತಾಯಿಯನ್ನೂ 1787ರಲ್ಲಿ ನೀರಿನಲ್ಲಿ ಮುಳುಗಿದ ತಮ್ಮನನ್ನೂ ಕಳೆದುಕೊಂಡ. ಕೋಪನ್‌ಹೇಗನ್ನಿನ ಅಕಾಡೆಮಿಯಲ್ಲಿ ಕಲಿತು 1798ರಲ್ಲಿ ಡ್ರೆಸ್ಡೆನ್‌ಗೆ ಬಂದು ನೆಲೆಸಿದ. ತಮ್ಮನ ಸಾವನ್ನು ಮೊದಲೇ ಅರಿತವರು ‘ಹಿಮದ ಕಡಲು’ (1823–24) ಚಿತ್ರದಲ್ಲಿ ಆ ದುಃಖವನ್ನಷ್ಟೇ ಕಾಣುತ್ತಾರೆ. ಅದರ ಬದಲು, 1820–21ರ ಚಳಿಗಾಲದಲ್ಲಿ ಎಲ್ಬೆ ನದಿಯ ಮೇಲಿನ ಹಿಮದ ಹಲಗೆಗಳನ್ನು ನೋಡಿ ಆತ ಮಾಡಿದ ಪುಟ್ಟ ತೈಲ ಅಭ್ಯಾಸಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿ. ನದಿಯ ಹಿಮದ ತುಂಡುಗಳು ಚಿತ್ರದಲ್ಲಿ ಉತ್ತರಧ್ರುವದ ಗೋಪುರವಾಗಿ ಬೆಳೆದದ್ದು ಗೊತ್ತಾಗುತ್ತದೆ. ಹಿಮಕ್ಕೆ ಸಿಲುಕಿ ಮುರಿದ ಹಡಗನ್ನು ಚಿತ್ರದ ಬಲಬದಿಯಲ್ಲಿ ಹುಡುಕಬೇಕು. ಈ ಮಹತ್ತರ ಚಿತ್ರ ಆತ ಬದುಕಿರುವವರೆಗೂ ಮಾರಾಟವಾಗಲಿಲ್ಲ.

ಮೂಲಕೃತಿಗಳನ್ನು ನೋಡಬಯಸುವವರು ‘ಅಲೆಮಾರಿ’ ಮತ್ತು ‘ಹಿಮದ ಕಡಲು’ ಚಿತ್ರಗಳಿಗೆ ಹ್ಯಾಂಬರ್ಗ್‌ನ ಕುನ್‌ಸ್ಟ್‌ಹಾಲೆಗೂ, ‘ಸನ್ಯಾಸಿ’ಗೆ ಬರ್ಲಿನ್ನಿನ ಆಲ್ಟೆ ನಾಟ್ಸಿಯೊನಾಲ್‌ಗ್ಯಾಲರಿಗೂ ಹೋಗಬೇಕು. ಪರದೆಯ ಮೇಲೆ ನೋಡುವವರು ಅಳತೆಯನ್ನು ಮರೆಯಬಾರದು: ‘ಸನ್ಯಾಸಿ’ಯ ಅಗಲ ಸುಮಾರು 171 ಸೆಂ.ಮೀ., ‘ಅಲೆಮಾರಿ’ಯದು 75 ಸೆಂ.ಮೀ. ಮಾತ್ರ. ಆ ಅಗಲಗಳನ್ನು ಗೋಡೆಯ ಮೇಲೆ ಗುರುತು ಮಾಡಿಕೊಂಡು ನೋಡಲು ಕುಳಿತರೆ ತುಂಬ ಅನುಕೂಲವಾಗುತ್ತದೆ.